ದಡ ಸೇರಿಸುವ ಹೊಣೆ

ಗಾಳ ಹಾಕುವವನಿಗೆ ತಾಳ್ಮೆ ಬೇಕೆಂಬ ಮಾತನ್ನು ನಾವೆಲ್ಲರೂ ಕೇಳಿದ್ದೇವೆ. ತಾಳ್ಮೆಯ ಗುಣವನ್ನು ವಿವರಿಸಲು ಹೊರಡುವ ಉಪದೇಶಕರೂ ಅಧ್ಯಾಪಕರೂ ನದಿಯ ದಡದಲ್ಲಿ ಮೌನವಾಗಿ ಕುಳಿತ ಗಾಳಗಾರನನ್ನು ಮತ್ತೆ ಮತ್ತೆ ಕರೆತಂದು ನಮ್ಮ ಮುಂದೆ ನಿಲ್ಲಿಸುತ್ತಾರೆ. ಆದರೆ ಅವನಿಗೆ ತಾಳ್ಮೆಗಿಂತಲೂ ಮೊದಲು ಬೇಕಾದ ಇನ್ನೊಂದು ಗುಣವಿದೆ. ಮೀನು ಸಿಕ್ಕಿದರೆ ಅದನ್ನು ಎಲ್ಲಿಂದ, ಯಾವ ದಾರಿಯಲ್ಲಿ, ಯಾವ ಸಾಧನದಿಂದ ಮೇಲಕ್ಕೆ ತರುವೆನು ಎಂದು ಗಾಳ ಎಸೆಯುವ ಮೊದಲೇ ತನ್ನನ್ನು ತಾನು ಕೇಳಿಕೊಳ್ಳುವ ಗುಣ ಅದು. ಈ ಸಣ್ಣ ಪ್ರಶ್ನೆಯ ಹಿಂದೆ ದೊಡ್ಡದೊಂದು ನೈತಿಕ ಪ್ರಶ್ನೆ ಅಡಗಿದೆ. ಪ್ರಿಯ ಓದುಗರೇ, ಅದನ್ನು ನಿಮ್ಮೊಡನೆ ಕೂಡಿ ಚಿಂತಿಸುವುದು ಈ ಲೇಖನದ ಉದ್ದೇಶ.

ಇಳಿಜಾರಾದ ಮರಳ ದಂಡೆಯಲ್ಲಿ ನಿಂತು ಗಾಳ ಹಾಕುವವನಿಗೆ ಈ ಪ್ರಶ್ನೆ ಅಷ್ಟಾಗಿ ಕಾಡುವುದಿಲ್ಲ. ಅಲ್ಲಿ ಮೀನನ್ನು ಹಿಡಿಯುವುದೂ ಅದನ್ನು ದಡ ಸೇರಿಸುವುದೂ ಹೆಚ್ಚುಕಡಿಮೆ ಒಂದೇ ಕೆಲಸ. ಮೀನು ದಣಿದ ಮೇಲೆ ಬರುವ ಅಲೆಯೊಡನೆ ಅದನ್ನು ಎಳೆದರೆ ಅಲೆಯೇ ಅದನ್ನು ಮರಳಿನ ಮೇಲೆ ತಂದಿಡುತ್ತದೆ. ಆದರೆ ನಮ್ಮ ಕರಾವಳಿಯಲ್ಲಿ ನೀರಿಗಿಂತ ಬಹಳ ಎತ್ತರದಲ್ಲಿ ನಿಂತು ಗಾಳ ಹಾಕುವ ಸ್ಥಳಗಳಿಗೆ ಕೊರತೆಯಿಲ್ಲ. ಬಂದರುಗಳ ದಕ್ಕೆಗಳು, ಅಳಿವೆಯ ಬಾಯಲ್ಲಿ ಕಡಲಿನೊಳಕ್ಕೆ ಚಾಚಿರುವ ಕಲ್ಲಿನ ತಡೆದಂಡೆಗಳು, ನದಿಗಳ ಮೇಲಿನ ಸೇತುವೆಗಳು, ಸೋಮೇಶ್ವರದಲ್ಲಿರುವಂತಹ ಕಡಲಬಂಡೆಗಳು, ಹೀಗೆ ಎಷ್ಟೋ. ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ಕಾಲ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆ ದಿನಗಳಲ್ಲಿ ದಡದಿಂದಲೇ ಮೀನು ಹಿಡಿಯಲು ಬರುವವರು ಹಲವರು. ಕಡಲು ಅತ್ಯಂತ ಒರಟಾಗಿರುವುದೂ ಆ ದಿನಗಳಲ್ಲಿಯೇ.

ಎತ್ತರದ ಸ್ಥಳದಲ್ಲಿ ಹಿಡಿಯುವುದು ಬೇರೆ, ದಡ ಸೇರಿಸುವುದು ಬೇರೆ. ಗಾಳ ತಲುಪಿದಲ್ಲಿಗೆ ಕೈ ತಲುಪುವುದಿಲ್ಲ. ಇದರ ಕಾರಣವನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಒಳ್ಳೆಯದು. ಬಹುಪಾಲು ಮೀನುಗಳ ದೇಹದೊಳಗೆ ಗಾಳಿ ತುಂಬಿದ ಚೀಲವೊಂದಿದ್ದು, ಅದರಿಂದಾಗಿ ನೀರಿನಲ್ಲಿ ಅವುಗಳಿಗೆ ಭಾರವೆಂಬುದು ಇಲ್ಲವೆನ್ನುವಷ್ಟು ಕಡಿಮೆ. ನೀರಿನಲ್ಲಿರುವಾಗ ಗಾಳದ ದಾರವು ಮೀನಿನ ಈಜುವ ಬಲವನ್ನು ಮಾತ್ರ ತಡೆದರೆ ಸಾಕು. ಆದ್ದರಿಂದಲೇ ತೆಳುವಾದ ನೈಲಾನ್ ದಾರದಿಂದ ದೊಡ್ಡ ಮೀನನ್ನೂ ದಣಿಸಬಹುದು. ಆದರೆ ಅದೇ ಮೀನನ್ನು ನೀರಿನಿಂದ ಮೇಲೆತ್ತಿದ ಕ್ಷಣದಲ್ಲಿ ಅದರ ಪೂರ್ಣ ತೂಕ ದಾರದ ಮೇಲೆ ಬೀಳುತ್ತದೆ. ಗಾಳಿಯಲ್ಲಿ ತೂಗಾಡುತ್ತಾ ಅದು ತಲೆ ಕೊಡವಿದಾಗ ಬೀಳುವ ಜಗ್ಗು ಆ ತೂಕಕ್ಕಿಂತಲೂ ಎಷ್ಟೋ ಹೆಚ್ಚು. ದಾರದಲ್ಲಿ ಹಾಕಿದ ಗಂಟು ಅದರ ಬಲವನ್ನು ಕುಗ್ಗಿಸಿರುತ್ತದೆ. ಬಂಡೆಗಂಟಿದ ಚಿಪ್ಪುಗಳು ಅದನ್ನು ಅಲ್ಲಲ್ಲಿ ಕೊಯ್ದಿರುತ್ತವೆ. ನೀರಿನಲ್ಲಿ ಸಾಕಾಗಿದ್ದ ದಾರ ಗಾಳಿಯಲ್ಲಿ ಸಾಕಾಗುವುದಿಲ್ಲ. ಮೀನನ್ನು ಇಲ್ಲಿಯವರೆಗೆ ತಂದ ಸಾಧನವೇ ಅದನ್ನು ಇಲ್ಲಿಂದ ಮುಂದಕ್ಕೆ ತರಲಾರದು.

ಈ ಸಂಗತಿಯನ್ನು ಮೊದಲೇ ಯೋಚಿಸದವನ ಮುಂದೆ ಮೂರು ಕೆಟ್ಟ ದಾರಿಗಳು ಮಾತ್ರ ಉಳಿಯುತ್ತವೆ. ಒಂದು, ದಾರದಿಂದಲೇ ಮೀನನ್ನು ಎತ್ತಲು ಹೋಗುವುದು. ದಾರ ಹರಿದರೆ ಬಾಯಲ್ಲಿ ಕಬ್ಬಿಣ, ಅದರ ಹಿಂದೆ ಹಲವು ಮೊಳ ದಾರ ಹೊತ್ತುಕೊಂಡು ಮೀನು ಕಣ್ಮರೆಯಾಗುತ್ತದೆ. ಬಾಯಿ ಹರಿದರೆ ಕೆಳಗಿನ ಕಲ್ಲಿಗೆ ಅಪ್ಪಳಿಸಿ ನೀರಿಗುರುಳುತ್ತದೆ. ಎರಡು, ಏನು ಮಾಡಬೇಕೆಂದು ತೋಚದೆ ಮೀನು ಸಾಯುವವರೆಗೆ ಕೆಳಗೆ ತೂಗಾಡಲು ಬಿಡುವುದು. ಮೂರನೆಯದು ಎಲ್ಲಕ್ಕಿಂತ ಭಯಾನಕ. ಮೀನನ್ನು ಬಿಡಲು ಮನಸ್ಸಾಗದೆ, ಪಾಚಿ ಕಟ್ಟಿದ ಬಂಡೆಯ ಮೇಲೆ ಅಥವಾ ಟೆಟ್ರಾಪಾಡ್‌ಗಳ ಸಂದಿಯಲ್ಲಿ ತಾನೇ ಕೆಳಗಿಳಿಯುವುದು. ಬಂಡೆಯ ಮೇಲಿಂದ ಮೀನು ಹಿಡಿಯುವವರು ಸಮುದ್ರಪಾಲಾಗುವುದು ನಮ್ಮ ದೇಶದಲ್ಲಿ ಮಾತ್ರ ನಡೆಯುವ ದುರಂತವಲ್ಲ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯವು ಇದಕ್ಕಾಗಿಯೇ 2016ರಲ್ಲಿ ಒಂದು ಪ್ರತ್ಯೇಕ ಕಾಯ್ದೆಯನ್ನು ತಂದು, ಅಪಾಯಕರವೆಂದು ಗುರುತಿಸಿದ ಕಡಲಬಂಡೆಗಳಲ್ಲಿ ಗಾಳ ಹಾಕುವವರು ಜೀವರಕ್ಷಕ ಅಂಗಿ ಧರಿಸುವುದನ್ನು ಕಡ್ಡಾಯಗೊಳಿಸಿತು. ಅಲ್ಲಿನ ಹಲವು ಬಂಡೆಗಳ ಮೇಲೆ ನೀರಿಗೆ ಬಿದ್ದವರಿಗೆ ಎಸೆಯಲೆಂದು ತೇಲುಬಳೆಗಳನ್ನು ಕಂಬಕ್ಕೆ ತೂಗುಹಾಕಿದ್ದಾರೆ. ಅವುಗಳಿಗೆ ಅವರಿಟ್ಟ ಹೆಸರು ‘ಏಂಜಲ್ ರಿಂಗ್’, ಎಂದರೆ ದೇವದೂತನ ಬಳೆ.

ಬಲ್ಲವರು ಈ ಕೆಲಸವನ್ನು ಹೇಗೆ ಮಾಡುತ್ತಾರೆಂಬುದನ್ನೂ ಗಮನಿಸಿ. ಅವರು ಮೊದಲು ನೀರನ್ನಲ್ಲ, ತಾವು ನಿಂತ ನೆಲವನ್ನು ನೋಡುತ್ತಾರೆ. ಎಷ್ಟು ಎತ್ತರವಿದೆ, ಅಲೆ ಎಲ್ಲಿಯವರೆಗೆ ಏರುತ್ತದೆ, ತಗ್ಗಾದ ಜಾಗ ಯಾವ ಕಡೆಗಿದೆ ಎಂಬುದನ್ನು ಸಾಕಷ್ಟು ಹೊತ್ತು ಪರೀಕ್ಷಿಸಿದ ಮೇಲೆಯೇ ಗಾಳಕ್ಕೆ ಎರೆ ಸಿಕ್ಕಿಸುತ್ತಾರೆ. ದಕ್ಕೆಯ ಮೇಲಾದರೆ ಬಳೆಗೆ ಕಟ್ಟಿದ ಬಲೆಯೊಂದನ್ನು ಹಗ್ಗದಲ್ಲಿ ಕೆಳಗಿಳಿಸಿ, ದಣಿದ ಮೀನನ್ನು ಅದರ ಮೇಲಕ್ಕೆ ನಡೆಸಿಕೊಂಡು ಬಂದು, ಬಲೆಯೊಡನೆ ಮೇಲೆತ್ತುತ್ತಾರೆ. ಆಗ ಭಾರ ಬೀಳುವುದು ಹಗ್ಗದ ಮೇಲೆ, ದಾರದ ಮೇಲಲ್ಲ. ಈ ಕೆಲಸಕ್ಕೆ ಎರಡನೆಯ ಆಳು ಬೇಕು. ಒಬ್ಬನು ದಾರವನ್ನು ಹಿಡಿದಿರಬೇಕು, ಇನ್ನೊಬ್ಬನು ಬಲೆಯನ್ನು. ಬಂಡೆಯ ಮೇಲಾದರೆ ಏರುವ ಅಲೆಯೊಡನೆ ಮೀನನ್ನು ತಗ್ಗಾದ ಹಾಸಿಗೆ ತಂದು, ಅಲೆ ಹಿಂದೆ ಸರಿಯುವಾಗ ದಾರವನ್ನು ಬಿಗಿಯಾಗಿ ಎಳೆಯದೆ ಅದರ ಜಗ್ಗಿಗೆ ಸಡಿಲ ಕೊಡುತ್ತಾರೆ. ಯಾವ ಉಪಾಯವೂ ಇಲ್ಲದ ಕಡೆ, ಮೀನನ್ನು ನೀರಿನಲ್ಲಿಯೇ ಇರಿಸಿಕೊಂಡು, ತಾವು ದಡದುದ್ದಕ್ಕೂ ನಡೆದು ತಗ್ಗಾದ ಸ್ಥಳಕ್ಕೆ ಹೋಗುತ್ತಾರೆ.

ಕರಾವಳಿಯಿಂದ ದೂರದ ಕಾವೇರಿಯ ಕಡಿದಾದ ದಡಗಳಲ್ಲಿಯೂ ಈ ಪಾಠವೇ ಕಾಣುತ್ತದೆ. ಅಲ್ಲಿನ ಮಶೀರ್ ಮೀನು ಒಂದು ಕಾಲದಲ್ಲಿ ದೇಶವಿದೇಶಗಳ ಗಾಳಗಾರರನ್ನು ಸೆಳೆದಿತ್ತು. ಕಾವೇರಿಯ ಉಪನದಿಯಾದ ಕಬಿನಿಯಲ್ಲಿ 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಹಿಡಿದ ಮಶೀರ್ 120 ಪೌಂಡು, ಎಂದರೆ ಸುಮಾರು 54 ಕಿಲೋ ತೂಗಿತ್ತು. ರಾಗಿಮುದ್ದೆಯ ಎರೆಯನ್ನು ನುಂಗಿ, ಬಂಡೆಗಳ ನಡುವೆ ಪ್ರವಾಹದೊಡನೆ ಓಡುವ ಅಂತಹ ಮೀನನ್ನು ದಡದ ಮೇಲೆ ನಿಂತವನು ಒಬ್ಬನೇ ಏನೂ ಮಾಡಲಾರ. ಬಂಡೆಗೆ ಸಿಲುಕಿದ ದಾರವನ್ನು ಬಿಡಿಸಲು ನೀರಿಗೆ ಧುಮುಕುತ್ತಿದ್ದವರೂ, ಹರಿಗೋಲಿನಲ್ಲಿ ಅವನನ್ನು ಕೂರಿಸಿಕೊಂಡು ಮೀನಿನ ಹಿಂದೆ ಹುಟ್ಟು ಹಾಕುತ್ತಿದ್ದವರೂ ನದಿಯನ್ನು ಬಲ್ಲ ಸ್ಥಳೀಯರು. ಛಾಯಾಚಿತ್ರದಲ್ಲಿ ಮೀನನ್ನು ಎತ್ತಿ ಹಿಡಿದವನ ಹೆಸರಷ್ಟೇ ಉಳಿಯಿತು. ದಡ ಸೇರಿಸಿದವರ ಹೆಸರು ಉಳಿಯಲಿಲ್ಲ. ಆ ಗೂನುಬೆನ್ನಿನ ಮಶೀರ್ ಇಂದು ಅಳಿವಿನಂಚಿನಲ್ಲಿದೆ. 2018ರಲ್ಲಿ ವಿಜ್ಞಾನಿಗಳು ಅದನ್ನು ‘ಟೋರ್ ರೆಮಾದೇವಿ’ ಎಂಬ ಪ್ರಭೇದವೆಂದು ಗುರುತಿಸಿದರು. ಅದೇ ವರ್ಷ ಅದು ಅತ್ಯಂತ ಅಪಾಯಕ್ಕೊಳಗಾದ ಜೀವಿಗಳ ಪಟ್ಟಿಗೆ ಸೇರಿತು.

ಇನ್ನು ನೈತಿಕ ಪ್ರಶ್ನೆಗೆ ಬರೋಣ. ನಮ್ಮ ಕೈ ತಲುಪದ ಕಡೆಗೆ ನಮ್ಮ ಸಾಧನವನ್ನು ಕಳುಹಿಸುವ ಹಕ್ಕು ನಮಗಿದೆಯೇ? ಒಂದು ಕಾರ್ಯದ ಹೊಣೆ ಅದು ಮುಗಿಯುವಲ್ಲಿ ಹುಟ್ಟುತ್ತದೆಯೋ ಅಥವಾ ಅದನ್ನು ಆರಂಭಿಸುವ ಮೊದಲೇ ಹುಟ್ಟಿರುತ್ತದೆಯೋ? ಎತ್ತರದಿಂದ ಎಸೆದ ಗಾಳಕ್ಕೆ ಮೀನು ಸಿಲುಕಿ, ಬಾಯಿ ಹರಿದು, ಕಲ್ಲಿಗೆ ಬಡಿದು ಸತ್ತರೆ “ನನ್ನ ಕೈಯಲ್ಲಿ ಏನಿದೆ, ದಾರ ಹರಿಯಿತು” ಎನ್ನುವುದು ಸುಲಭ. ಆದರೆ ದಾರ ಹರಿದದ್ದು ಆಕಸ್ಮಿಕವಲ್ಲ. ದಡದ ಎತ್ತರ ಗಾಳ ಎಸೆಯುವ ಮೊದಲೂ ಅಷ್ಟೇ ಇತ್ತು. ಕಣ್ಣಿಗೆ ಕಾಣುವಂತೆ ಇದ್ದದ್ದನ್ನು ನೋಡದೆ ಹೋದವನು ಅದೃಷ್ಟವನ್ನು ದೂರುವಂತಿಲ್ಲ. ಆದ್ದರಿಂದ ಹೊಣೆಯು ಗಾಳ ಎಸೆಯುವ ಮೊದಲೇ ಹುಟ್ಟುತ್ತದೆ ಎಂಬುದೇ ಸರಿಯಾದ ಉತ್ತರವೆಂದು ನನಗನ್ನಿಸುತ್ತದೆ. ಆದರೆ ಈ ಉತ್ತರಕ್ಕೆ ಎದುರಾಗಿ ಹೇಳಬಹುದಾದ ಮಾತುಗಳಿವೆ. ಅವುಗಳನ್ನು ನ್ಯಾಯವಾಗಿ ಪರಿಶೀಲಿಸಬೇಕು.

ಮೊದಲನೆಯ ಆಕ್ಷೇಪಣೆ: ಮೀನಿಗೆ ನೋವು ಎಲ್ಲಿದೆ? ಇದು ತಳ್ಳಿಹಾಕುವಂತಹ ಪ್ರಶ್ನೆಯಲ್ಲ. ವಿಜ್ಞಾನಿಗಳಲ್ಲಿಯೂ ಇದರ ಬಗ್ಗೆ ವಾದವಿದೆ. ನೋವಿನ ಅನುಭವಕ್ಕೆ ಬೇಕಾದ ಮಿದುಳಿನ ಹೊರಪದರವು ಮೀನಿಗಿಲ್ಲವೆಂದು ಅಮೆರಿಕದ ಜೇಮ್ಸ್ ರೋಸ್ ಎಂಬವರು 2002ರಲ್ಲಿ ವಾದಿಸಿದರು. ಮರುವರ್ಷವೇ, 2003ರಲ್ಲಿ, ಬ್ರಿಟನ್ನಿನ ಲಿನ್ ಸ್ನೆಡನ್ ಮತ್ತು ಸಂಗಡಿಗರು ಟ್ರೌಟ್ ಮೀನಿನ ಮುಖದಲ್ಲಿ ಹಾನಿಯನ್ನು ಗ್ರಹಿಸುವ ನರತಂತುಗಳನ್ನು ಗುರುತಿಸಿ, ಹಾನಿಗೊಂಡ ಮೀನಿನ ನಡವಳಿಕೆಯೇ ಬದಲಾಗುವುದನ್ನು ತೋರಿಸಿದರು. ವಾದ ಇನ್ನೂ ಮುಗಿದಿಲ್ಲ. ಆದರೆ ಮೀನಿಗೆ ಹಾನಿಯಾಗುವುದರಲ್ಲಿ ಮಾತ್ರ ಸಂಶಯವಿಲ್ಲ. ಕೆನಡಾದ ಫರ್ಗುಸನ್ ಮತ್ತು ಟಫ್ಟ್ಸ್ ಎಂಬ ಇಬ್ಬರು ವಿಜ್ಞಾನಿಗಳು 1992ರಲ್ಲಿ ಪ್ರಕಟಿಸಿದ ಪ್ರಯೋಗವೊಂದನ್ನು ನೋಡಿ. ಟ್ರೌಟ್ ಮೀನುಗಳನ್ನು ಪೂರ್ತಿಯಾಗಿ ದಣಿಸಿ, ನೀರಿನಿಂದ ಹೊರತೆಗೆಯದೆ ಬಿಟ್ಟಾಗ 12 ಗಂಟೆಗಳ ಬಳಿಕ 100ಕ್ಕೆ 88 ಬದುಕಿದ್ದವು. ದಣಿದ ಮೇಲೆ 30 ಸೆಕೆಂಡು ಗಾಳಿಯಲ್ಲಿರಿಸಿದಾಗ 62, ಒಂದು ನಿಮಿಷ ಇರಿಸಿದಾಗ ಕೇವಲ 28 ಬದುಕಿದವು. ದಕ್ಕೆಯ ಮೇಲಿಂದ ತೂಗಾಡುವ ಮೀನಿನ ಪಾಲಿಗೆ ಒಂದು ನಿಮಿಷವೆಂದರೆ ಏನೆಂದು ಈ ಲೆಕ್ಕ ಹೇಳುತ್ತದೆ. ನೋವಿನ ವಿಷಯದಲ್ಲಿ ಸಂಶಯ ಉಳಿದಿದ್ದರೆ, ಆ ಸಂಶಯದ ಲಾಭವನ್ನು ಬಲಶಾಲಿಯಾದ ನಾವು ಪಡೆಯುವುದಕ್ಕಿಂತ ಮೂಕಪ್ರಾಣಿಗೆ ಕೊಡುವುದು ನ್ಯಾಯ.

ಎರಡನೆಯ ಆಕ್ಷೇಪಣೆ: ಹೊಟ್ಟೆಪಾಡಿಗಾಗಿ ಗಾಳ ಹಾಕುವ ಬಡವನಿಗೆ ಇಷ್ಟೆಲ್ಲ ಯೋಚಿಸಲು ಬಿಡುವೆಲ್ಲಿದೆ? ವಾಸ್ತವದಲ್ಲಿ ಇದು ತಿರುಗುಮುರುಗಾದ ಮಾತು. ಹೊಟ್ಟೆಪಾಡಿಗಾಗಿ ಹಿಡಿಯುವವನೇ ಬಲೆ, ಹಗ್ಗ, ಜೊತೆಯಾಳು ಇಲ್ಲದೆ ಎತ್ತರದ ದಡಕ್ಕೆ ಹೋಗುವುದಿಲ್ಲ. ತಪ್ಪಿಹೋದ ಮೀನೆಂದರೆ ಅವನಿಗೆ ತಪ್ಪಿಹೋದ ಊಟ. ಹರಿದ ದಾರ, ಕಳೆದ ಗಾಳ ಅವನ ಜೇಬಿನ ನಷ್ಟ. ದಡ ಸೇರಿಸುವ ಚಿಂತೆಯಿಲ್ಲದೆ ಎಸೆಯುವುದು ಹೆಚ್ಚಾಗಿ ಹಿಡಿಯುವ ಕ್ಷಣದ ಪುಳಕ ಮಾತ್ರ ಸಾಕೆನ್ನುವವರ ಅಭ್ಯಾಸ. ಮೀನಿನ ಅಗತ್ಯವಿಲ್ಲದವನಿಗೆ ಅದು ತಪ್ಪಿಹೋದರೂ ಹೇಳಿಕೊಳ್ಳಲು ಒಂದು ಕಥೆ ಸಿಗುತ್ತದೆ.

ಮೂರನೆಯ ಆಕ್ಷೇಪಣೆ ಇವೆರಡಕ್ಕಿಂತ ಗಂಭೀರವಾದುದು. ಕೊನೆಯನ್ನು ಕಂಡ ಮೇಲೆಯೇ ಆರಂಭಿಸಬೇಕೆಂದರೆ ಜಗತ್ತಿನಲ್ಲಿ ಯಾವ ಒಳ್ಳೆಯ ಕೆಲಸ ಆರಂಭವಾದೀತು? ಮದುವೆಯಾಗುವವರು ಮುಂದಿನ ನಲವತ್ತು ವರ್ಷಗಳನ್ನು ಕಂಡಿರುವುದಿಲ್ಲ. ಮಗುವನ್ನು ಹೆರುವ ತಾಯಿ ಅದರ ಬದುಕಿನ ಕೊನೆಯನ್ನು ಬಲ್ಲವಳಲ್ಲ. ಅತಿಯಾದ ಮುಂದಾಲೋಚನೆ ಅಂಜುಬುರುಕತನದ ಮುಸುಕೂ ಆಗಬಹುದು. ಈ ಮಾತಿನಲ್ಲಿ ಸತ್ಯವಿದೆ. ಆದರೆ ಕೊನೆ ಕಾಣದಿರುವುದು ಬೇರೆ, ಕಾಣುವುದನ್ನು ನೋಡದಿರುವುದು ಬೇರೆ. ಯಾವ ಮೀನು ಸಿಕ್ಕೀತು, ಎಷ್ಟು ತೂಗೀತು ಎಂಬುದು ಗಾಳ ಹಾಕುವವನಿಗೆ ತಿಳಿಯದು. ಅದನ್ನು ತಿಳಿದಿರಬೇಕೆಂದು ಯಾರೂ ಅವನನ್ನು ಕೇಳುವುದಿಲ್ಲ. ದಡದ ಎತ್ತರ ಮಾತ್ರ ಅವನಿಗೆ ತಿಳಿದಿದೆ. ನೈತಿಕತೆ ನಮ್ಮಿಂದ ಕೇಳುವುದು ಫಲದ ಖಾತರಿಯನ್ನಲ್ಲ. ಬಲೆಯನ್ನು ಪಕ್ಕದಲ್ಲಿಟ್ಟುಕೊಂಡಿದ್ದೇವೆಯೇ ಎಂಬುದನ್ನು ಮಾತ್ರ. ತಾಯಿಗೆ ಮಗುವಿನ ಭವಿಷ್ಯ ಗೊತ್ತಿಲ್ಲದಿದ್ದರೂ ತೊಟ್ಟಿಲನ್ನು ಮೊದಲೇ ಸಿದ್ಧಮಾಡಿಟ್ಟಿರುತ್ತಾಳೆ.

ಇಲ್ಲಿ ಶುಭಸಂದೇಶಗಳ ಮೀನುಗಾರರನ್ನು ನೆನೆಯದಿರಲು ಸಾಧ್ಯವಿಲ್ಲ. ಅವರ ಕಥೆಯಲ್ಲಿ ನಾವು ಸಾಮಾನ್ಯವಾಗಿ ಮೀನು ಸಿಕ್ಕಿದ ಅದ್ಭುತವನ್ನು ಮಾತ್ರ ಗಮನಿಸುತ್ತೇವೆ. ಸಿಕ್ಕಿದ ಮೇಲೆ ಅವರು ಏನು ಮಾಡಿದರೆಂಬುದೂ ಅಷ್ಟೇ ಗಮನಾರ್ಹ. ಲೂಕನ ಶುಭಸಂದೇಶದ ಪ್ರಸಂಗದಲ್ಲಿ ಬಲೆಗಳು ಹರಿಯುವಷ್ಟು ಮೀನು ತುಂಬಿದಾಗ ಅವರು ಇನ್ನೊಂದು ದೋಣಿಯಲ್ಲಿದ್ದ ಜೊತೆಗಾರರಿಗೆ ಸನ್ನೆಮಾಡಿ ನೆರವಿಗೆ ಕರೆದರು. ಯೊವಾನ್ನನ ಶುಭಸಂದೇಶದ ಕೊನೆಯ ಅಧ್ಯಾಯದಲ್ಲಿ ಬಲೆಯನ್ನು ದೋಣಿಯೊಳಕ್ಕೆ ಎತ್ತಲಾಗದೆ ಹೋದಾಗ ಅವರು ಬಲವಂತದಿಂದ ಎತ್ತಲಿಲ್ಲ. ನೀರಿನಲ್ಲಿಯೇ ಅದನ್ನು ಎಳೆದುಕೊಂಡು ಸುಮಾರು 200 ಮೊಳ ದೂರದಲ್ಲಿದ್ದ ದಡಕ್ಕೆ ಬಂದರು. ಪೇತ್ರನು ಅಲ್ಲಿಂದ ಅದನ್ನು ದಡಕ್ಕೆಳೆದಾಗ ಎಣಿಕೆಗೆ ಸಿಕ್ಕಿದ ಮೀನು 153, ಬಲೆ ಹರಿದಿರಲಿಲ್ಲ. ಎತ್ತಲಾಗದ್ದನ್ನು ಎತ್ತದೆ ತಗ್ಗಾದ ಕಡೆಗೆ ನಡೆಸಿಕೊಂಡು ಹೋಗುವುದು, ಒಬ್ಬನಿಂದಾಗದ್ದಕ್ಕೆ ಇನ್ನೊಬ್ಬನನ್ನು ಕರೆಯುವುದು: ಇವೆರಡೂ ಕಸುಬು ಬಲ್ಲವರ ವಿವೇಕ. ಅದ್ಭುತ ನಡೆದ ದಿನವೂ ಅವರು ಆ ವಿವೇಕವನ್ನು ಬದಿಗಿಡಲಿಲ್ಲ. ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚನ್ನು ಲೆಕ್ಕಹಾಕಬೇಕೆಂದ ಗುರುವಿನ ಶಿಷ್ಯರಲ್ಲವೇ ಅವರು!

ಓದುಗರೇ, ಈಗ ನಮ್ಮ ದಿನನಿತ್ಯದ ಬದುಕಿನ ಕಡೆಗೆ ನೋಡೋಣ. ಭರವಸೆಯೂ ಒಂದು ಬಗೆಯ ಗಾಳವೇ. ನಾವು ಎತ್ತರದಲ್ಲಿ ನಿಂತು ಕೆಳಗಿರುವವರತ್ತ ಅದನ್ನು ಎಸೆಯುತ್ತೇವೆ. ಘಟ್ಟದ ಮೇಲಿನ ಬಡ ಮನೆಯ ಹುಡುಗಿಯನ್ನು “ಓದಿಸುತ್ತೇವೆ” ಎಂದು ಹೇಳಿ ಪೇಟೆಯ ಮನೆಗೆ ಕರೆತರುವವರಿದ್ದಾರೆ. ಮನೆಯ ಮಕ್ಕಳು ದೊಡ್ಡವರಾದ ಮೇಲೆ, ಅವಳು ಪಿಯುಸಿಯ ನಡುವಿನಲ್ಲಿರುವಾಗ, ಅವಳ ಅಗತ್ಯ ಯಾರಿಗೂ ಇರುವುದಿಲ್ಲ. ಆಕೆ ಮರಳಿ ಹೋಗಲು ಊರು ಅವಳದಾಗಿ ಉಳಿದಿಲ್ಲ. ಮುಂದೆ ಹೋಗಲು ಪೇಟೆ ಅವಳದಾಗಿಲ್ಲ. ಕುಡಿತಕ್ಕೆ ಬಿದ್ದವನನ್ನು ಊರಿನವರೆಲ್ಲ ಸೇರಿ ವ್ಯಸನಮುಕ್ತಿ ಶಿಬಿರಕ್ಕೆ ಸೇರಿಸುತ್ತಾರೆ, ಹತ್ತನೆಯ ದಿನ ಹಾರ ಹಾಕಿ ಛಾಯಾಚಿತ್ರ ತೆಗೆಸಿಕೊಳ್ಳುತ್ತಾರೆ. ಹನ್ನೊಂದನೆಯ ದಿನದಿಂದ ಅವನ ಮನೆಯ ಬಾಗಿಲು ತಟ್ಟುವವರಿರುವುದಿಲ್ಲ. ಮೂತ್ರಪಿಂಡದ ರೋಗಿಯ ಶಸ್ತ್ರಚಿಕಿತ್ಸೆಗೆ ಹಣ ಕೂಡಿಸುವ ನಾವು, ಅದರ ನಂತರ ಜೀವಮಾನವಿಡೀ ಬೇಕಾಗುವ ಔಷಧದ ವಿಷಯವನ್ನು ಯಾರೊಡನೆಯೂ ಮಾತನಾಡಿರುವುದಿಲ್ಲ. ಇಂತಹ ಪ್ರಸಂಗಗಳಲ್ಲಿ ಯಾರ ಉದ್ದೇಶವೂ ಕೆಟ್ಟದ್ದಲ್ಲ. ನಮ್ಮ ಹಿರಿಯರು ಇದನ್ನು ಆರಂಭಶೂರತನವೆಂದು ಕರೆದರು.

ಆದರೆ ಹೋಲಿಕೆಗೆ ಒಂದು ಮಿತಿಯಿದೆ. ಅದನ್ನು ಮುಚ್ಚಿಡುವುದು ಪ್ರಾಮಾಣಿಕವಲ್ಲ. ಮೀನಿಗೆ ದಡವೆಂದರೆ ಸಾವು. ಅದು ದಡಕ್ಕೆ ಬರಲು ಬಯಸಿದ್ದಲ್ಲ. ಆದ್ದರಿಂದ ಮೀನಿಗೆ ನಾವು ಸಲ್ಲಿಸಬೇಕಾದದ್ದು ಇಷ್ಟೇ: ತಿನ್ನಲೆಂದು ಹಿಡಿದಿದ್ದರೆ ತಡಮಾಡದೆ ಕೊಲ್ಲುವುದು, ವ್ಯರ್ಥವಾಗದಂತೆ ಉಣ್ಣುವುದು; ಬಿಡಲೆಂದು ಹಿಡಿದಿದ್ದರೆ ನೀರಿನಿಂದ ಹೊರತೆಗೆಯದೆಯೇ ಬಿಡುವುದು. ಗಾಳದ ತುದಿಯ ಒಳಮುಳ್ಳನ್ನು ಇಕ್ಕಳದಿಂದ ಅದುಮಿ ಚಪ್ಪಟೆ ಮಾಡಿಟ್ಟುಕೊಂಡವನಿಗೆ ಅದು ಕಷ್ಟವಲ್ಲ. ಮನುಷ್ಯನ ವಿಷಯ ಹಾಗಲ್ಲ. ನಾವು ಭರವಸೆ ಕೊಟ್ಟವನು ದಡ ಸೇರಲು ಬಯಸುತ್ತಾನೆ. ನಮ್ಮನ್ನು ನಂಬಿ ತನ್ನ ನೀರನ್ನು ತೊರೆದು ಬಂದಿರುತ್ತಾನೆ. ಮೀನಿನ ವಿಷಯದಲ್ಲಿಯೇ ಇಷ್ಟು ಹೊಣೆಯಿದ್ದರೆ, ನಂಬಿ ಬಂದವನ ವಿಷಯದಲ್ಲಿ ಹೊಣೆ ಎಷ್ಟು ಪಾಲು ಹೆಚ್ಚಿರಬೇಡ!

ಕೊನೆಗೊಂದು ಕಠಿಣವಾದ ಮಾತು ಉಳಿದಿದೆ. ಎಲ್ಲ ಸಿದ್ಧತೆಯ ಮೇಲೂ ದಡ ಸೇರಿಸಲಾಗದ ಸಂದರ್ಭಗಳು ಬರುತ್ತವೆ. ಕಡಲು ಒಮ್ಮೆಲೇ ಏರುತ್ತದೆ, ಬಲೆ ಹಿಡಿದ ಜೊತೆಗಾರ ಕಾಲುಜಾರುತ್ತಾನೆ. ಆಗ ಮೀನು ದೊಡ್ಡದಾದಷ್ಟೂ ಕೆಳಗಿಳಿಯುವ ಆಸೆ ದೊಡ್ಡದಾಗುತ್ತದೆ. ಅಷ್ಟು ಹೊತ್ತು ಪಟ್ಟ ಶ್ರಮವೇ ನಮ್ಮನ್ನು ಅಂಚಿಗೆ ಎಳೆಯುತ್ತದೆ. ಅಂತಹ ಹೊತ್ತಿನಲ್ಲಿ ದಾರವನ್ನು ಕತ್ತರಿಸುವುದು ಸೋಲಲ್ಲ, ಕರ್ತವ್ಯ. ಮನುಷ್ಯರ ನಡುವಿನಲ್ಲಿಯೂ ನಮ್ಮಿಂದಾಗದ್ದನ್ನು ಆಗದೆಂದು ಸಕಾಲದಲ್ಲಿ ಹೇಳಿ, ಆಗುವವರ ಕೈಗೆ ಒಪ್ಪಿಸುವುದು ಕಾಪಟ್ಯದ ಭರವಸೆಗಿಂತ ಎಷ್ಟೋ ಮೇಲು. ಆದರೆ ಮನುಷ್ಯರ ನಡುವೆ ದಾರ ಕತ್ತರಿಸಿ ಮುಖ ತಿರುಗಿಸುವಂತಿಲ್ಲ. ಇನ್ನೊಂದು ಕೈ ಅವರನ್ನು ಹಿಡಿದುಕೊಂಡಿದೆಯೆಂದು ಕಣ್ಣಾರೆ ಕಂಡ ಮೇಲೆಯೇ ನಮ್ಮ ಕೈ ಸಡಿಲವಾಗಬೇಕು.

ಆದುದರಿಂದ ಹೊಸದೊಂದು ಸೇವಾಕಾರ್ಯಕ್ಕೆ, ಹೊಸದೊಂದು ವಾಗ್ದಾನಕ್ಕೆ ಕೈಹಾಕುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳೋಣ. ನಾನು ನಿಂತಿರುವ ದಡ ಎಷ್ಟು ಎತ್ತರದ್ದು? ನನ್ನ ಬಲೆ ಎಲ್ಲಿದೆ? ಅದನ್ನು ಹಿಡಿಯುವ ಇನ್ನೊಬ್ಬರು ಯಾರು? ಹೊಸದನ್ನು ಆರಂಭಿಸುವ ಯೋಚನೆ ಇಲ್ಲದವರಿಗೆ ನಾಲ್ಕನೆಯ ಪ್ರಶ್ನೆಯೊಂದಿದೆ. ಎಂದೋ ನಾವು ಎಸೆದು ಮರೆತ ಗಾಳದ ತುದಿಯಲ್ಲಿ ಇಂದಿಗೂ ಯಾರಾದರೂ ಕಾಯುತ್ತಿದ್ದಾರೆಯೇ? ಇದ್ದರೆ, ಹೊಸ ಗಾಳವನ್ನು ಕೆಳಗಿಟ್ಟು ಮೊದಲು ಅವರ ಬಳಿಗೆ ಹೋಗೋಣ.